ಹಾಸು ಕಟ್ಟಿದ ಕಂಬ

ಆ ಬೀದಿಗೆ ಕಾಲಿಟ್ಟ ದಿನದಿಂದ ಸೌಮ್ಯಳಿಗೆ ಯಾವುದರ ತಲೆಬುಡವೂ ತಿಳಿಯದಂತಾಗಿತ್ತು. ಹಾಗಂತ ಅವಳು ದಡ್ಡಿಯೇನಲ್ಲ. ಯಳಂದೂರಿನ ಹುಡುಗಿ, ಸಿವಿಲ್ ಡಿಪ್ಲೊಮಾ ಮುಗಿಸಿ, ಅದರ ಮೇಲೆ ಕಟ್ಟಡ ಕೆಲಸದ ಸುರಕ್ಷತೆಯ ಕೋರ್ಸೊಂದನ್ನೂ ಮಾಡಿಕೊಂಡು, ದಿನಾ ಮೊದಲ ಬಸ್ಸಿಗೆ ಕೊಳ್ಳೇಗಾಲಕ್ಕೆ ಬರುತ್ತಿದ್ದಳು. ನೇಕಾರರ ಬೀದಿಯುದ್ದಕ್ಕೂ ಒಳಚರಂಡಿಗೆ ಗುಂಡಿ ತೋಡುವ ಕೆಲಸ ನಡೆದಿತ್ತು. ಅಲ್ಲಿ ಅವಳು ಸೇಫ್ಟಿ ಸೂಪರ್‌ವೈಸರ್. ಅವಳು ಓದಿದ ಪುಸ್ತಕದಲ್ಲಿ ಗುಂಡಿ ಅಂದರೆ ಎರಡು ಗೆರೆ, ನಡುವೆ ಒಂದು ಬಾಣದ ಗುರುತು. ಇಲ್ಲಿ ಗುಂಡಿಯ ಪಕ್ಕದಲ್ಲಿ ಮನೆಗಳಿದ್ದವು, ಮನೆಗಳೊಳಗೆ ಮಗ್ಗಗಳಿದ್ದವು, ಮಗ್ಗದ ಮುಂದೆ ಕೂತವರು ಅವಳು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಆಮೇಲೆ ತಮಗೆ ತೋಚಿದ್ದನ್ನೇ ಮಾಡುತ್ತಿದ್ದರು.

ಗುತ್ತಿಗೆದಾರ ಮಲ್ಲಿಕಾರ್ಜುನಸ್ವಾಮಿ ಸತ್ತೇಗಾಲದವರು. ಗದ್ದೆ, ತೆಂಗಿನ ತೋಟ ಇಟ್ಟುಕೊಂಡು, ಹಳ್ಳಿ ಕಡೆ ಕಾಲುವೆ, ಮೋರಿ, ಶಾಲೆಯ ಕಾಂಪೌಂಡು ಕಟ್ಟಿಸುತ್ತ ನೆಮ್ಮದಿಯಾಗಿದ್ದ ಮನುಷ್ಯ. ಪೇಟೆಯ ಕೆಲಸ ಹಿಡಿದದ್ದು ಇದೇ ಮೊದಲು. ಅಗೆಯುವ ಮೊದಲು ಸುರಕ್ಷತೆ ಮತ್ತು ಪರಿಸರ ನಿರ್ವಹಣೆಯ ಯೋಜನೆ ಬರೆದುಕೊಡಬೇಕು ಎಂಬ ಷರತ್ತನ್ನು ಕೇಳಿ ಅವರು ಬೆಪ್ಪಾಗಿದ್ದರು. ಸೌಮ್ಯಳನ್ನು ಕೆಲಸಕ್ಕೆ ಸೇರಿಸಿಕೊಂಡದ್ದೇ ಆ ಷರತ್ತಿನ ಬಾಯಿ ಮುಚ್ಚಿಸುವುದಕ್ಕೆ.

"ಅದೇನೋ ಪ್ಲಾನಂತೆ ಕಣವ್ವ, ಒಂದು ಬರ್ದು ಕೊಟ್ಬುಡು. ಯಾರೂ ಓದಾಕಿಲ್ಲ. ಆಫೀಸ್ನಲ್ಲಿ ಮಡಗಾಕೆ ಅಷ್ಟೆ," ಅಂದಿದ್ದರು.

ಸೌಮ್ಯ ಅದನ್ನು ಮಡಗುವುದಕ್ಕೆ ಬರೆಯಲಿಲ್ಲ. ಗುಂಡಿಯ ಆಳ ಆಳೆತ್ತರಕ್ಕಿಂತ ಹೆಚ್ಚು. ಹನೂರು ಕಡೆಯ ಮಾದೇಶ ಮತ್ತು ಅವನ ಜೊತೆಗಾರರು ಬೆಳಗ್ಗೆ ಏಣಿ ಹಿಡಿದು ಅದರೊಳಕ್ಕೆ ಇಳಿಯುವಾಗ ಮೊದಲು ಸೊಂಟ, ಆಮೇಲೆ ಭುಜ, ಕೊನೆಗೆ ಹಳದಿ ಹೆಲ್ಮೆಟ್ಟೂ ಕಾಣದಾಗುತ್ತಿತ್ತು. ಇಳಿದವರೆಲ್ಲ ಸಂಜೆ ಹತ್ತಿ ಬರಬೇಕು. ಯೋಜನೆ ಅಂದರೆ ಅವಳಿಗೆ ಇಷ್ಟೇ. ಇದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅವಳಿಗೆ ಗೋಜಲು.

ಯೋಜನೆಯಲ್ಲಿ ಎರಡು ಭಾಗ. ಪರಿಸರದ ಭಾಗದಲ್ಲಿ, ಧೂಳು ಏಳದಂತೆ ಬೆಳಗ್ಗೆ ಬೀದಿಗೆ ಟ್ಯಾಂಕರಿನಿಂದ ನೀರು ಚಿಮುಕಿಸಬೇಕು ಎಂದು ಬರೆದಳು. ಸುರಕ್ಷತೆಯ ಭಾಗದಲ್ಲಿ, ಗುಂಡಿಯ ಅಂಚಿನುದ್ದಕ್ಕೂ ಕಬ್ಬಿಣದ ಕಂಬ ನೆಟ್ಟು ಕೆಂಪು ಬಿಳಿ ಪಟ್ಟಿ ಕಟ್ಟಬೇಕು, ಆಳ ಹೆಚ್ಚಿರುವ ಕಡೆ ಗೋಡೆಗೆ ಹಲಗೆ ಆನಿಸಬೇಕು, ಅಂಚಿನಲ್ಲಿ ನೀರು ನಿಲ್ಲಬಾರದು ಎಂದು ಬರೆದಳು. ಎರಡೂ ಸರಿಯಾಗಿಯೇ ಇದ್ದವು. ಎರಡನ್ನೂ ಒಂದೇ ಬೀದಿಯಲ್ಲಿ ಮಾಡಬೇಕಲ್ಲ ಎಂಬುದು ಬರೆಯುವಾಗ ಅವಳಿಗೆ ಹೊಳೆದಿರಲಿಲ್ಲ.

ನೀರಿನ ಗೊಂದಲ ಮೊದಲ ಬೆಳಗ್ಗೆಯೇ ಶುರುವಾಯಿತು. ಟ್ಯಾಂಕರು ನೀರು ಚಿಮುಕಿಸಿಕೊಂಡು ಆ ತುದಿ ಮುಟ್ಟುವಷ್ಟರಲ್ಲಿ ಈ ತುದಿಯ ಮನೆಗಳಿಂದ ಹೆಂಗಸರು ರಂಗೋಲಿ ಬಟ್ಟಲು ಹಿಡಿದು ಹೊರಗೆ ಬಂದರು. ಧೂಳಡಗಿದ ಒದ್ದೆ ನೆಲ ಕಂಡರೆ ಯಾರಿಗೆ ತಾನೆ ಕೈ ಸುಮ್ಮನಿರುತ್ತದೆ? ಗುಂಡಿಯ ಅಂಚಿನವರೆಗೂ ಚುಕ್ಕಿ ಇಟ್ಟು ಎಳೆ ಎಳೆದರು. ಜೆಸಿಬಿಯವನು ಬಂದು ನೋಡಿ ಎಂಜಿನ್ ಆಫ್ ಮಾಡಿ ಬೀಡಿ ಹಚ್ಚಿಕೊಂಡ.

"ಯಾಕಣ್ಣ ನಿಲ್ಸಿದ್ರಿ?" ಸೌಮ್ಯ ಕೇಳಿದಳು.

"ಬೆಳಬೆಳಗ್ಗೆ ರಂಗೋಲಿ ಮ್ಯಾಲೆ ಚಕ್ರ ಅತ್ಸಾಕಾದದಾ ಮೇಡಂ? ವಸಿ ವೊತ್ತಾಗ್ಲಿ."

ಮೂಲೆ ಮನೆಯ ಅನಸೂಯಮ್ಮ ಅವಳ ಕೈ ಹಿಡಿದುಕೊಂಡು ಹರಸಿದ್ದೇ ಹರಸಿದ್ದು. "ನೀನು ಬಂದ್ಮ್ಯಾಕೆ ಬಾಗ್ಲಿಗೆ ನೀರಾಕೋ ಕೆಲಸ ತಪ್ತು ಕಣವ್ವ. ನಮ್ಮ ಮೂಲೆಗೆ ಇನ್ನೊಂದೀಟು ಜಾಸ್ತಿ ಬುಡಾಕೇಳು, ಇಲ್ಲಿ ಮಣ್ಣು ಬಲೇ ಪುಡಿ." ಟ್ಯಾಂಕರಿನವನು ಆ ಮಾತನ್ನು ಕೇಳಿಸಿಕೊಂಡಿದ್ದ. ಅಂದಿನಿಂದ ಮೂಲೆಗೆ ಬಂದಾಗ ಗಾಡಿ ನಿಧಾನ ಮಾಡಿ ಧಾರಾಳವಾಗಿಯೇ ಬಿಡತೊಡಗಿದ. ಧೂಳು ಕಡಿಮೆಯಾಯಿತಲ್ಲ ಎಂದು ಸೌಮ್ಯಳಿಗೂ ಖುಷಿಯಾಗಿತ್ತು.

ಕಂಬಗಳ ಕಥೆ ಇದಕ್ಕಿಂತ ದೊಡ್ಡದು. ಅವಳು ಬಿಸಿಲಲ್ಲಿ ನಿಂತು ಸಾಲಾಗಿ ನೆಡಿಸಿ ಪಟ್ಟಿ ಕಟ್ಟಿಸಿ ಹೋದ ಮಾರನೆಯ ದಿನ ಬಂದು ನೋಡುತ್ತಾಳೆ, ಪಟ್ಟಿ ಮಾಯ. ಅದನ್ನು ಯಾರೋ ನೀಟಾಗಿ ಸುತ್ತಿ ಜಗುಲಿಯ ಮೇಲೆ ಇಟ್ಟಿದ್ದಾರೆ. ಪಟ್ಟಿಯ ಜಾಗದಲ್ಲಿ ಒಂದು ಕಂಬದಿಂದ ಇನ್ನೊಂದು ಕಂಬದವರೆಗೆ ಮಗ್ಗಕ್ಕೆ ಏರಿಸುವ ಮುಂಚೆ ಉದ್ದಕ್ಕೆ ಎಳೆದು ಕಟ್ಟುವ ರೇಷ್ಮೆ ಎಳೆಗಳ ಅಗಲವಾದ ಹಾಸು ಬಿಡಿಸಿಕೊಂಡಿದೆ. ಬೆಳಗಿನ ಎಳೆ ಬಿಸಿಲಿಗೆ ಅದು ಥಳಥಳ ಅನ್ನುತ್ತಿತ್ತು. ಅನಸೂಯಮ್ಮ ಒಂದು ಕಡೆ, ಅವರ ಗಂಡ ಚೌಡಯ್ಯ ಇನ್ನೊಂದು ಕಡೆ ಬಗ್ಗಿ, ತುಂಡಾದ ಎಳೆಗಳನ್ನು ಹುಡುಕಿ ಹುಡುಕಿ ಕೂಡಿಸುತ್ತಿದ್ದಾರೆ.

"ಅಮ್ಮಾ, ಏನಿದು?" ಸೌಮ್ಯಳ ದನಿ ತಾನಾಗಿ ಏರಿತು. "ಇದು ಗುಂಡಿಗೆ ಯಾರೂ ಬೀಳದಿರಲಿ ಅಂತ ಹಾಕಿದ ಕಂಬ!"

ಅನಸೂಯಮ್ಮ ತಲೆಯೆತ್ತಿದರು. ಅವರ ಮುಖದಲ್ಲಿ ತಪ್ಪು ಮಾಡಿದವರ ಕಳೆಯೇ ಇರಲಿಲ್ಲ. "ನಾವು ಹಾಸು ಕಟ್ಟೋ ಹಾಸುಗಲ್ಲು ಇಲ್ಲೇ ಇದ್ವಲ್ಲವ್ವ, ನಮ್ಮ ಮಾವನೋರ ಕಾಲದ್ವು. ನಿಮ್ಮ ಮಿಷಿನ್ನೋರು ಬಂದ ದಿನವೇ ಕಿತ್ತಾಕುದ್ರು. ಏನಪ್ಪಾ ಮಾಡಾದು ಅಂತ ಕುಂತಿದ್ವಿ. ಆಮೇಲೆ ನೀನು ಕಬ್ಬಿಣದ್ದೇ ನೆಡಿಸ್ದೆ. ಕಲ್ಲಿಗೆ ಬದಲು ಕೊಟ್ರಲ್ಲ, ಒಳ್ಳೇ ಜನ ಅಂದ್ಕಂಡ್ವಿ. ಬಣ್ಣದ ಪಟ್ಟಿ ಬೇರೆ ಕಟ್ಟಿದ್ರಿ, ಪೂಜೆ ಮಾಡಿ ಕೊಟ್ಟಂಗಿತ್ತು."

ಕಲ್ಲು ಕಿತ್ತ ವಿಷಯ ಸೌಮ್ಯಳಿಗೆ ಗೊತ್ತೇ ಇರಲಿಲ್ಲ. ಯೋಜನೆಯಲ್ಲಿ ಬೀದಿಯ ಮರಗಳಿದ್ದವು, ಕರೆಂಟಿನ ಕಂಬಗಳಿದ್ದವು, ನಲ್ಲಿ ಪೈಪುಗಳಿದ್ದವು. ಹಾಸು ಕಟ್ಟುವ ಕಲ್ಲುಗಳು ಎಲ್ಲೂ ಇರಲಿಲ್ಲ. ಅಡ್ಡಕ್ಕಿದ್ದ ಕಲ್ಲು ಅಂದುಕೊಂಡು ಜೆಸಿಬಿ ಅವನ್ನು ಬೀದಿಯಾಚೆಯ ಮಣ್ಣಿನ ಗುಡ್ಡೆಗೆ ದೂಡಿತ್ತು.

ಅವಳು ಅಂದೇ ಯೋಜನೆಗೆ ಒಂದು ಸಾಲು ಸೇರಿಸಿದಳು: ಕಂಬಗಳಿಗೆ ಏನನ್ನೂ ಕಟ್ಟತಕ್ಕದ್ದಲ್ಲ. ಅದನ್ನೇ ಬೋರ್ಡು ಬರೆಸಿ ನೇತುಹಾಕಿದಳು. ಚೌಡಯ್ಯ ಬೋರ್ಡನ್ನು ಗಟ್ಟಿಯಾಗಿ ಓದಿ "ಸರಿ ಕಣವ್ವ" ಅಂದರು, ಮಾರನೆಯ ದಿನ ಮತ್ತೆ ಹಾಸು ಕಟ್ಟಿದರು. ಕೇಳಿದರೆ, "ಏನನ್ನೂ ಅಂದ್ರೆ ದನ ಎಮ್ಮೆ ಅಂದ್ಕಂಡ್ವಿ. ಹಾಸು ಎಂಗ್ ಕಟ್ದೆ ಇರಾದು?" ಅಂದರು. ಗಂಡಹೆಂಡಿರು ತಮ್ಮತಮ್ಮಲ್ಲೇ ಮನೆಮಾತಾದ ತೆಲುಗಿನಲ್ಲಿ ಏನೋ ಮಾತಾಡಿಕೊಂಡು ನಕ್ಕರು. ತನ್ನನ್ನು ನೋಡಿ ನಕ್ಕರೋ ಬೋರ್ಡನ್ನು ನೋಡಿಯೋ ಎಂಬುದು ಸೌಮ್ಯಳಿಗೆ ತಿಳಿಯಲಿಲ್ಲ.

ಅವಳನ್ನು ಇನ್ನಷ್ಟು ಗೊಂದಲಕ್ಕೆ ಕೆಡವಿದ್ದು ಬೇರೆ ಒಂದು ಸಂಗತಿ. ಕೆಂಪು ಬಿಳಿ ಪಟ್ಟಿ ಇದ್ದಾಗ ಜನ ಅದರ ಕೆಳಗೆ ನುಸುಳಿ ಗುಂಡಿಯ ಅಂಚಿನಲ್ಲೇ ನಡೆದು ಹೋಗುತ್ತಿದ್ದರು. ಹಾಸು ಇದ್ದಾಗ ಒಬ್ಬನೂ ಆ ಕಡೆ ಸುಳಿಯುತ್ತಿರಲಿಲ್ಲ. ಕುಡಿದು ತೂರಾಡುವವನು ಕೂಡ ರೇಷ್ಮೆ ಕಂಡೊಡನೆ ನೆಟ್ಟಗಾಗಿ ಸುತ್ತಿ ಬಳಸಿ ಹೋಗುತ್ತಿದ್ದ. ಹಾಗಾದರೆ ಯಾವುದು ಬೇಲಿ, ಯಾವುದು ಅಡ್ಡಿ? ಮಾದೇಶನನ್ನು ಕೇಳಿದರೆ ಅವನು ಹಲ್ಲು ಕಿರಿದು, "ನಂಗ್ಯಾಕಕ್ಕ ಅದು, ನಾನು ತಳದಲ್ಲಿರೋನು," ಅಂದು ಏಣಿ ಇಳಿದುಬಿಟ್ಟ.

ಅಷ್ಟರಲ್ಲಿ ಮೈಸೂರಿನಿಂದ ತಪಾಸಣೆಯ ಇಂಜಿನಿಯರು ನಾಳೆ ಬರುತ್ತಾರೆ ಎಂಬ ಸುದ್ದಿ ಬಂತು. ಮಲ್ಲಿಕಾರ್ಜುನಸ್ವಾಮಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. "ಏನೇನು ಬರ್ದಿದ್ದೀಯೋ ಎಲ್ಲಾ ನಡೀತಾ ಇರಬೇಕು ಕಣವ್ವ ಅವ್ರು ಬಂದಾಗ. ಧೂಳು ಕಾಣಬಾರ್ದು. ಆ ಹಾಸು ಗೀಸು ಇರಬಾರ್ದು. ಕೆಲಸ ಮಾತ್ರ ನಿಲ್ಲಬಾರ್ದು."

"ಮೂಲೇಲಿ ಗುಂಡಿ ಇನ್ನೂ ಆಳ ಆಗಿದೆ ಸಾರ್. ಹಲಗೆ ಇಲ್ದೆ ಇಳಿಯೋ ಹಂಗಿಲ್ಲ," ಅಂದಳು ಸೌಮ್ಯ.

ಬೀದಿಯ ಕೊನೆಯಲ್ಲಿ, ಅನಸೂಯಮ್ಮನ ಮನೆಯ ಹತ್ತಿರ, ಗುಂಡಿ ಅಡ್ಡಕ್ಕೆ ತಿರುಗಿ ದೊಡ್ಡ ಚರಂಡಿಯ ಕಡೆ ಹೋಗುತ್ತಿತ್ತು. ಆ ತಿರುವಿನಲ್ಲೇ ಎಲ್ಲಕ್ಕಿಂತ ಹೆಚ್ಚು ಆಳ.

"ಹಲಗೆ ಹನೂರ್ ಸೈಟ್ನಲ್ಲಿ ಅವೆ. ನಾಳೆ ಮಧ್ಯಾಹ್ನಕ್ಕೆ ಲಾರಿ ಬತ್ತದೆ. ಮಣ್ಣು ಕಲ್ಲಿದ್ದಂಗದೆ, ಏನೂ ಆಗಾಕಿಲ್ಲ ಬುಡು."

"ಹಲಗೆ ಬರೋವರೆಗೂ ಮೂಲೆಗೆ ಯಾರೂ ಇಳೀಬಾರ್ದು ಸಾರ್."

"ಆಯ್ತು, ಆಯ್ತು," ಅಂದರು ಅವರು. ಬೀದಿಯವರು ತಲೆಯಾಡಿಸುತ್ತಿದ್ದ ಹಾಗೆಯೇ ಅವರೂ ತಲೆಯಾಡಿಸಿದ್ದು ಅವಳಿಗೆ ಆಮೇಲೆ ನೆನಪಾಯಿತು.

ತಪಾಸಣೆಯ ಬೆಳಗ್ಗೆ ಸೌಮ್ಯ ಟ್ಯಾಂಕರಿನವನಿಗೆ, "ಇವತ್ತು ಎರಡು ಸಲ ಹಾಕಣ್ಣ, ಚೂರೂ ಧೂಳು ಏಳಬಾರ್ದು," ಎಂದು ತಾನೇ ಹೇಳಿದಳು. ಅವನು ಎರಡು ಸಲ ಹಾಕಿದ. ಮೂಲೆಗೆ, ವಾಡಿಕೆಯಂತೆ, ಇನ್ನಷ್ಟು ಹಾಕಿದ. ಅನಸೂಯಮ್ಮ ಆ ದಿನ ಎಂದಿಗಿಂತ ದೊಡ್ಡ ರಂಗೋಲಿ ಬಿಟ್ಟಿದ್ದರು. ಅದರ ಬಳ್ಳಿ ಮೂಲೆಯ ಕಂಬದ ಬುಡವನ್ನು ಸುತ್ತಿಕೊಂಡಿತ್ತು. ಅದೇ ಕಂಬಕ್ಕೆ ಹಾಸಿನ ಒಂದು ತುದಿ, ಬೀದಿಯ ಮೇಲುಗಡೆಯ ಕಂಬಕ್ಕೆ ಇನ್ನೊಂದು ತುದಿ.

"ಅನಸೂಯಮ್ಮ, ಕೈ ಮುಗೀತೀನಿ, ಇವತ್ತೊಂದು ದಿನ ಬಿಚ್ಚಿ. ಇಂಜಿನಿಯರ್ ಬರ್ತಾರೆ," ಎಂದು ಸೌಮ್ಯ ಗೋಗರೆದಳು.

"ಇಕಾ, ಈ ಅಂಚೊಂದು ಕೂಡಿಸ್ಬುಡ್ತೀನಿ. ಅರ್ಧದಲ್ಲಿ ಬಿಚ್ಚುದ್ರೆ ಎಲ್ಲಾ ಸಿಕ್ಕಾಯ್ತದೆ ಮಗ." ಅನಸೂಯಮ್ಮನ ಬೆರಳುಗಳು ಎಳೆಗಳ ಮೇಲೆ ಓಡುತ್ತಲೇ ಇದ್ದವು. ಆ ಬೆರಳುಗಳಿಗೆ ಕಣ್ಣಿನ ಹಂಗೇ ಇರಲಿಲ್ಲ.

ಹೀಗೆ ಅವಳು ಗೋಗರೆಯುತ್ತ ನಿಂತಿದ್ದಾಗಲೇ ಅವಳ ಬೆನ್ನ ಹಿಂದೆ ಮಲ್ಲಿಕಾರ್ಜುನಸ್ವಾಮಿ ಮಾದೇಶನನ್ನೂ ಇನ್ನಿಬ್ಬರನ್ನೂ ಮೂಲೆಯ ಗುಂಡಿಗೆ ಇಳಿಸಿದ್ದರು. ಇಂಜಿನಿಯರು ಬಂದಾಗ ಕೆಲಸ ನಡೆಯುತ್ತಿರುವುದು ಕಾಣಬೇಕಲ್ಲ, ಅದಕ್ಕೆ.

ಅನಸೂಯಮ್ಮನ ಕೈ ತಟ್ಟನೆ ನಿಂತಿತು. "ಯಾರ್ಲಾ ಅದು ಎಳೀತಿರಾದು?"

ಸೌಮ್ಯ ಸುತ್ತ ನೋಡಿದಳು. ಚೌಡಯ್ಯ ಮೇಲುಗಡೆಯ ಕಂಬದ ಹತ್ತಿರ ಸುಮ್ಮನೆ ಕೂತಿದ್ದರು. "ಯಾರೂ ಎಳೀತಿಲ್ಲಮ್ಮ."

"ಗುಂಡಿ ಕಡೆ ಅಂಚು ಬಿಗೀತಾ ಅದೆ. ಈ ಕಡೆ ಸರ್ಯಾಗದೆ. ಮುಟ್ಟಿ ನೋಡು."

ಸೌಮ್ಯ ಮುಟ್ಟಿದಳು. ಒಂದು ಅಂಚು ಬೆರಳಿಗೆ ಮೆತ್ತಗೆ ಬಾಗಿತು. ಇನ್ನೊಂದು ತಂಬೂರಿಯ ತಂತಿಯಂತೆ ಬಿಗಿದಿತ್ತು. ಅವಳ ಕೈ ಕೆಳಗೇ ಒಂದು ಎಳೆ ಪಟ್ಟೆಂದು ಹರಿಯಿತು. ಇನ್ನೊಂದು ಹರಿಯಿತು. ಅವಳಿಗೆ ಏನೂ ಅರ್ಥವಾಗಲಿಲ್ಲ. ಯಾರೂ ಎಳೆಯದೆ ಎಳೆ ಹೇಗೆ ಬಿಗಿಯುತ್ತದೆ? ಅನಸೂಯಮ್ಮ ಸಿಟ್ಟಿನಿಂದ, "ಕಂಬ ಅಲ್ಲಾಡಿಸ್ತಾವ್ರೆ ಯಾರೋ, ನೋಡವ್ವ!" ಅಂದರು. ಸೌಮ್ಯ ಮೂಲೆಯ ಕಂಬದ ಕಡೆ ನೋಡಿದಳು. ಅದರ ಹತ್ತಿರ ಯಾರೂ ಇರಲಿಲ್ಲ. ಕಂಬದ ತಲೆ ಮಾತ್ರ ಗುಂಡಿಯ ಕಡೆ ಒಂದಿಷ್ಟು ವಾಲಿತ್ತು. ಅವಳ ಕಣ್ಣು ಬುಡಕ್ಕೆ ಇಳಿಯಿತು. ರಂಗೋಲಿಯ ಬಳ್ಳಿ ಎರಡು ತುಂಡಾಗಿತ್ತು. ತುಂಡುಗಳ ನಡುವೆ ಒದ್ದೆ ಮಣ್ಣಿನಲ್ಲಿ ಬೆರಳು ತೂರುವಷ್ಟು ಬಿರುಕು ಬಾಯಿ ಬಿಟ್ಟಿತ್ತು.

"ಮಾದೇಶಾ!" ಅವಳು ಕಿರುಚಿದಳು. ಮೂಲೆಯ ಗುಂಡಿಯ ಒಳಗಿಂದಲೇ "ಏನಕ್ಕಾ?" ಎಂಬ ದನಿ ಬಂತು. ಅಲ್ಲಿ ಯಾರೂ ಇಲ್ಲವೆಂದೇ ಅವಳು ನಂಬಿದ್ದಳು. "ಹತ್ರೋ! ಎಲ್ಲಾ ಬಿಟ್ಟು ಮೇಲಕ್ಕೆ ಹತ್ರೋ!"

ಮೊದಲಿಬ್ಬರು ಹತ್ತಿದರು. ಮಾದೇಶ ಗುದ್ದಲಿ ಎತ್ತಿಕೊಳ್ಳಲು ಬಗ್ಗಿದ. "ಗುದ್ದಲಿ ಮನೆ ಹಾಳಾಗ, ಬಾರ್ಲಾ ಮ್ಯಾಕೆ!" ಎಂದು ಅನಸೂಯಮ್ಮ ಕೂಗಿದ ಕೂಗಿಗೆ ಅವನು ಏಣಿಗೆ ಹಾರಿದ. ಅವನ ಕಾಲು ಅಂಚು ದಾಟಿತ್ತೋ ಇಲ್ಲವೋ, ಮೂಲೆಯ ಮಣ್ಣೆಲ್ಲ ಕಂಬದ ಸಮೇತ ಧೊಪ್ಪನೆ ಒಳಕ್ಕೆ ಕೂತಿತು. ಏಣಿ ಹೂತುಹೋಯಿತು. ಹಾಸು ಪರಪರ ಹರಿದು, ಕಂಬದ ಹಿಂದೆಯೇ ಕೆಸರಿಗೆ ಜಾರಿಕೊಂಡು ಹೋಯಿತು.

ಮಾದೇಶ ನೆಲದ ಮೇಲೆ ಕೂತು "ಮಾದಪ್ಪಾ, ಮಾದಪ್ಪಾ" ಅನ್ನುತ್ತಿದ್ದ. ಸೌಮ್ಯ ಅವರನ್ನು ಎಣಿಸಿದಳು, ಮತ್ತೆ ಎಣಿಸಿದಳು. ಮೂವರೂ ಇದ್ದರು. ಅವಳಿಗೆ ಅಳು ಬಂತು, ಅತ್ತೂಬಿಟ್ಟಳು.

ಇಂಜಿನಿಯರ ಜೀಪು ಬಂದು ನಿಂತದ್ದು ಆಗಲೇ. ಇಂಥ ಗಳಿಗೆಯನ್ನೇ ಕಾದು ಬರುವವರ ಹಾಗೆ ಬಂದರು ಪುಣ್ಯಾತ್ಮರು. ಗುಂಡಿಯನ್ನು ನೋಡಿದರು, ಕೆಸರಿನಲ್ಲಿ ಅರ್ಧ ಹೂತ ಕಂಬವನ್ನು ನೋಡಿದರು, ಅದಕ್ಕೆ ಸುತ್ತಿಕೊಂಡಿದ್ದ ರೇಷ್ಮೆಯನ್ನು ನೋಡಿದರು.

"ಬ್ಯಾರಿಕೇಡ್ ಕಂಬಕ್ಕೆ ಇದನ್ನ ಕಟ್ಟಿದ್ರಾ? ಸರಿ ಹೋಯ್ತು. ಇವರು ಎಳೆದು ಕಟ್ಟಿದ ಬಿಗಿಗೆ ಕಂಬ ಅಲ್ಲಾಡಿ ಅಂಚು ಕುಸಿದಿದೆ."

ಮಲ್ಲಿಕಾರ್ಜುನಸ್ವಾಮಿಯ ಮುಖಕ್ಕೆ ಹೋದ ಜೀವ ಬಂತು. "ಊ ಸಾ, ಅದೇ ಸಾ! ಬೋರ್ಡೇ ಬರ್ಸಿ ಆಕ್ಸಿದ್ವಿ, ಏನೂ ಕಟ್ಟಬ್ಯಾಡಿ ಅಂತ. ಈ ಜನ ಕೇಳಾಕಿಲ್ಲ ಸಾ. ನೋಡಿ ಬೇಕಾರೆ, ಬೋರ್ಡು ಇನ್ನೂ ಅಲ್ಲೇ ಅದೆ."

ಬೋರ್ಡು ನಿಜವಾಗಿಯೂ ಅಲ್ಲೇ ಇತ್ತು. ಸೌಮ್ಯ ಬರೆಸಿದ್ದ ಬೋರ್ಡು. ಚೌಡಯ್ಯ ತಲೆ ತಗ್ಗಿಸಿದರು. ಅನಸೂಯಮ್ಮ ತಮ್ಮ ಎರಡೂ ಕೈಗಳನ್ನು ಮುಂದೆ ಹಿಡಿದು ನೋಡಿಕೊಂಡರು, ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು: "ನಮ್ಮಿಂದಾಯ್ತೇನವ್ವ ಇದು? ನಾನು ಬಿಗಿಯಾಗಿ ಕಟ್ಬುಟ್ನಾ?"

ಹಾಸು ಕೆಸರು ಪಾಲಾದಾಗ ತುಟಿ ಎರಡು ಮಾಡದ ಹೆಂಗಸು ಈಗ ತಮ್ಮ ಕೈಗಳನ್ನೇ ದೂರುತ್ತಿದ್ದರು. ಸೌಮ್ಯಳಿಗೆ ಅದನ್ನು ನೋಡಲಾಗಲಿಲ್ಲ. ಇಷ್ಟು ದಿನದ ಗೋಜಲಿನಲ್ಲಿ ಒಂದೇ ಒಂದು ವಿಷಯ ಆ ಕ್ಷಣದಲ್ಲಿ ಅವಳಿಗೆ ನೀರಿನಷ್ಟು ತಿಳಿಯಾಗಿ ಕಂಡಿತು, ಕಂಡದ್ದು ನೀರೇ.

"ಇಲ್ಲ ಸಾರ್," ಅಂದಳು. "ಹಾಸು ಕಂಬವನ್ನ ಎಳೀಲಿಲ್ಲ. ಎಳೆದಿದ್ರೆ ಕಂಬ ಬೀದಿ ಮೇಲುಗಡೆಗೆ ವಾಲಬೇಕಿತ್ತು. ಅದು ಗುಂಡಿ ಕಡೆಗೆ ವಾಲಿತು. ಮಣ್ಣು ಸರಿದು ಕಂಬ ಹೋಯ್ತು, ಕಂಬ ಹೋಗಿ ಎಳೆ ಬಿಗೀತು. ಮಣ್ಣು ಸರಿದದ್ದು ನೀರಿಗೆ. ಧೂಳು ಏಳಬಾರ್ದು ಅಂತ ದಿನಾ ನೀರು ಹಾಕ್ಸಿದ್ದು ನಾನು. ಇವತ್ತು ಎರಡು ಸಲ ಹಾಕ್ಸಿದ್ದೂ ನಾನೇ. ಹಲಗೆ ಇದ್ದಿದ್ರೆ ತಡೀತಿತ್ತು, ಹಲಗೆ ಬಂದಿಲ್ಲ."

"ನೀವು ಈ ಗುತ್ತಿಗೆಯವರ ಕಡೆಯವರೇ ತಾನೆ?" ಇಂಜಿನಿಯರು ಹುಬ್ಬೇರಿಸಿದರು.

ಮಲ್ಲಿಕಾರ್ಜುನಸ್ವಾಮಿ ಕೆಂಡದಂತಾಗಿದ್ದರು. "ಊ, ಅದನ್ನೇ ಕೇಳಿ ಸಾ. ಯಾರ ಕಡೆಯವಳವ್ವ ನೀನು?"

"ಗೊತ್ತಾಗ್ತಿಲ್ಲ ಸಾರ್," ಅಂದಳು ಸೌಮ್ಯ. ಅದು ಉಡಾಫೆಯ ಉತ್ತರವಾಗಿರಲಿಲ್ಲ. ಅವಳಿಗೆ ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ.

ಇಂಜಿನಿಯರು ಯೋಜನೆಯ ಹಾಳೆಗಳನ್ನು ತಿರುವಿದರು. ಅವರು ಕೆಟ್ಟ ಮನುಷ್ಯರಲ್ಲ, ಆತುರದ ಮನುಷ್ಯರು ಅಷ್ಟೆ. "ಆಯ್ತಮ್ಮ, ನೀರಿಂದ ಕುಸೀತು. ಮೂರು ಜನ ಉಳಿದರಲ್ಲ, ಅದು ಇದರಲ್ಲಿ ಯಾವ ಕ್ರಮದಿಂದ?"

ಸೌಮ್ಯ ಯೋಚಿಸಿದಳು. ಅವಳು ಬರೆದದ್ದನ್ನು ಬೀದಿಯವರು ಪಾಲಿಸಿದ್ದರೆ ಹಾಸು ಇರುತ್ತಿರಲಿಲ್ಲ, ಮಾದೇಶನೂ ಇರುತ್ತಿರಲಿಲ್ಲ. ಅವಳು ಬರೆದದ್ದನ್ನು ಗುತ್ತಿಗೆದಾರರು ಪಾಲಿಸಿದ್ದರೆ ಹಾಸೇ ಬೇಕಾಗುತ್ತಿರಲಿಲ್ಲ. ಅವಳು ಬರೆದದ್ದನ್ನು ತಪ್ಪದೆ ಪಾಲಿಸಿದವನು ಟ್ಯಾಂಕರಿನವನೊಬ್ಬನೇ. ಇದರಲ್ಲಿ ಯಾವುದು ಕ್ರಮ? "ಇದರಲ್ಲಿ ಇಲ್ಲ ಸಾರ್," ಅಂದಳು. ಅವರು ನಿಟ್ಟುಸಿರು ಬಿಟ್ಟು, ಹಲಗೆ ಬರುವತನಕ ಕೆಲಸ ಬಂದ್ ಎಂದು ಹೇಳಿ ಜೀಪು ಹತ್ತಿದರು.

ಮೂರು ದಿನ ಮಲ್ಲಿಕಾರ್ಜುನಸ್ವಾಮಿ ಸೌಮ್ಯಳ ಜೊತೆ ಮಾತಾಡಲಿಲ್ಲ. ಕೆಲಸದಿಂದ ತೆಗೆಯಲೂ ಇಲ್ಲ. ಗುಂಡಿ ಕುಸಿದ ರಾತ್ರಿ ಅವರಿಗೆ ನಿದ್ದೆ ಬರಲಿಲ್ಲವೆಂದು ಮಾದೇಶ ಹೇಳಿದ. ಅದು ಅವನಿಗೆ ಹೇಗೆ ತಿಳಿಯಿತೋ. ನಾಲ್ಕನೆಯ ದಿನ ಬೆಳಗ್ಗೆ ಅವರೇ ಹಲಗೆಯ ಲಾರಿಯ ಮುಂದೆ ಕೂತು ಬಂದರು. ಅನಸೂಯಮ್ಮನ ಜಗುಲಿಯ ಮೇಲೆ ರೇಷ್ಮೆಯ ಹೊಸ ಕಟ್ಟುಗಳನ್ನು ಇಟ್ಟು, "ಕ್ವಾಪ ಮಾಡ್ಕಬ್ಯಾಡಿ," ಎಂದಷ್ಟೇ ಅಂದು ಹೋದರು. ಸೌಮ್ಯ ಜೆಸಿಬಿಯವನನ್ನು ಕಾಡಿಬೇಡಿ ಮಣ್ಣಿನ ಗುಡ್ಡೆಯಿಂದ ಹಾಸುಗಲ್ಲುಗಳನ್ನು ಹೊರಗೆ ತೆಗೆಸಿ, ಗುಂಡಿಯಿಂದ ದೂರ, ಬೀದಿಯ ಆಚೆ ಬದಿಯಲ್ಲಿ ನೆಡಿಸಿದಳು. ನೀರನ್ನು ಟ್ಯಾಂಕರಿನ ಬದಲು ಕೈಯಿಂದ, ಅಂಚು ಬಿಟ್ಟು ಚಿಮುಕಿಸುವ ಏರ್ಪಾಡಾಯಿತು. ಯೋಜನೆಯನ್ನು ಮತ್ತೆ ಬರೆದಳು. ಈ ಸಲ ಎರಡು ಭಾಗಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ಬರೆದಳು.

ಹೊಸ ಹಾಸು ಹಳೆಯ ಕಲ್ಲುಗಳ ನಡುವೆ ಬಿಡಿಸಿಕೊಂಡ ಬೆಳಗ್ಗೆ ಮೂಲೆಯ ಕೆಲಸ ಮತ್ತೆ ಶುರುವಾಗಬೇಕಿತ್ತು. ಗುಂಡಿಯ ಗೋಡೆಗಳಿಗೆ ಹಲಗೆ ಆನಿಸಿ ಅಡ್ಡಕ್ಕೆ ತೊಲೆ ಕೊಟ್ಟಿದ್ದರು. ಮಾದೇಶ ಏಣಿಯ ತನಕ ಬಂದ, ನಿಂತ, ತಿರುಗಿ ಬೀದಿಯಾಚೆ ಕೂಗಿದ: "ಅಜ್ಜೀ, ಬಿಗಿ ಎಂಗದೆ?"

"ಸರ್ಯಾಗದೆ ಕಣ್ಲಾ!" ಎಂದರು ಅನಸೂಯಮ್ಮ.

"ಆ ಕಲ್ಲಿಗೂ ಈ ಗುಂಡಿಗೂ ಈಗ ಸಂಬಂಧವೇ ಇಲ್ಲ ಮಾದೇಶ," ಅಂದಳು ಸೌಮ್ಯ. "ಗುಂಡಿ ಕುಸಿದ್ರೂ ಆ ಹಾಸಿಗೆ ಗೊತ್ತಾಗಲ್ಲ. ನೀನು ನೋಡಬೇಕಾದ್ದು ಹಲಗೇನ."

"ಗೊತ್ತು ಕಣಕ್ಕ. ಆದ್ರೂ ಇರ್ಲಿ."

ಗೊತ್ತಿದ್ದರೆ ಮತ್ತೆ ಯಾಕೆ ಕೇಳುತ್ತಾನೆ? ಅವಳಿಗೆ ಇದೂ ಅರ್ಥವಾಗಲಿಲ್ಲ. ಅವನು ಇನ್ನೂ ಏಣಿಯ ಮೇಲೆ ಕಾಲಿಟ್ಟಿರಲಿಲ್ಲ. ಅವನ ಹೆದರಿಕೆ ಅವಳಿಗೆ ಕಾಣುತ್ತಿತ್ತು. "ತಾಳು, ಮೊದಲು ನಾನು ಇಳಿದು ನೋಡ್ತೀನಿ," ಎಂದು ಅವಳು ಹೆಲ್ಮೆಟ್ಟು ಬಿಗಿದುಕೊಂಡು ಏಣಿ ಹಿಡಿದಳು. ಇಷ್ಟು ದಿನ ಗುಂಡಿಯ ಬಗ್ಗೆ ಅಷ್ಟೆಲ್ಲ ಬರೆದಿದ್ದವಳು ಒಮ್ಮೆಯೂ ಅದರೊಳಗೆ ಇಳಿದಿರಲಿಲ್ಲ.

ಕೆಳಗೆ ತಂಪಾಗಿತ್ತು. ಒದ್ದೆ ಮಣ್ಣಿನ ವಾಸನೆ ಮೂಗಿಗೆ ಅಡರಿತು. ಹಲಗೆಗಳನ್ನು ಒಂದೊಂದಾಗಿ ತಳ್ಳಿ ನೋಡಿದಳು, ತೊಲೆಗಳನ್ನು ಅಲ್ಲಾಡಿಸಿದಳು. ಎಲ್ಲವೂ ಬರೆದ ಹಾಗೆಯೇ ಇತ್ತು. ಹಲಗೆಯ ಸಂದಿಯಿಂದ ಒಂದು ಹಿಡಿ ಮಣ್ಣು ಸರ್ರನೆ ಉದುರಿ ಅವಳ ಬೂಟಿನ ಮೇಲೆ ಬಿತ್ತು. ಅದು ಉದುರುವ ಮಣ್ಣೇ, ಅಷ್ಟಕ್ಕೆ ಹೆದರಬೇಕಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ತಲೆಯೆತ್ತಿದಳು. ಎರಡು ಗೋಡೆಗಳ ನಡುವೆ ಆಕಾಶದ ಒಂದು ಸಣ್ಣ ಪಟ್ಟಿ, ಅದರ ಅಂಚಿನಲ್ಲಿ ಮಾದೇಶನ ಮುಖ.

"ಅನಸೂಯಮ್ಮಾ," ಎಂದು ಅವಳು ಕೂಗಿದಳು, "ಬಿಗಿ ಹೇಗಿದೆ?"